ಬದಿಯಡ್ಕವೋ ಬಂದಡ್ಕವೋ: ಬ್ಯೂನಸ್ ಐರಿಸ್‌ನಲ್ಲಿ ಒಂದು ದಿನ



ಪೋಪ್ ಫ್ರಾನ್ಸಿಸ್ ತೀರಿಕೊಂಡದ್ದು 2025ರ ಏಪ್ರಿಲ್ 21ರಂದು, ಪಾಸ್ಖ ಹಬ್ಬದ ಮರುದಿನ, ಸೋಮವಾರ. ಆ ವಾರದ ನಮ್ಮ ಯುವಜನರ ಸಭೆಯಲ್ಲಿ ಫಾದರ್ ನನ್ನ ಕಡೆ ತಿರುಗಿ, "ನೀನು ಅವರ ಊರು ನೋಡಿ ಬಂದವನಲ್ಲವಾ, ಎರಡು ಮಾತು ಹೇಳು" ಎಂದರು. ನಾನು ಎದ್ದು ನಿಂತು ಅಲ್ಲಿಯ ಮೆಟ್ರೋ, ಬಸ್ಸು, ಪೋಪ್ ಫ್ರಾನ್ಸಿಸರ ಇಗರ್ಜಿ ಎಲ್ಲದರ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ನಾನು ಹೇಳಿದ್ದು ಅರ್ಧ ಕತೆ ಮಾತ್ರ. ಉಳಿದರ್ಧ ಹೇಳಲು ನಾಚಿಕೆಯಾಗಿತ್ತು. ಇವತ್ತು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಬಿಎಸ್ಸಿ ಮುಗಿದ ಮೇಲೆ ನಾನು ಒಂದು ಕಾಂಟ್ರಾಕ್ಟಿನ ಅವಧಿಗೆ ಪ್ರವಾಸಿ ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡಿದ್ದು ನಿಮಗೆ ಗೊತ್ತು. ನಮ್ಮ ಕಾಸರಗೋಡಿನ ಕಡಲತೀರದಿಂದ ಹಡಗಿಗೆ ಹೋಗುವವರು ಹೊಸಬರೇನಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಹಡಗು ಅರ್ಜೆಂಟೀನಾದ ಬ್ಯೂನಸ್ ಐರಿಸ್ ಬಂದರಿನಲ್ಲಿ ನಿಂತಿತ್ತು. ಅಲ್ಲಿ ಆಗ ಬೇಸಿಗೆ. ಬೆಳಗಿನ ಪಾಳಿ ಮುಗಿಸಿ ಒಂಬತ್ತೂವರೆಗೆ ನನಗೆ ಬಿಡುವು ಸಿಕ್ಕಿತು. ಸಂಜೆ ಐದಕ್ಕೆ ವಾಪಸ್ ಹಡಗಿನಲ್ಲಿರಬೇಕು. ತಡವಾದರೆ ಹಡಗು ಕಾಯುವುದಿಲ್ಲ. ಹಡಗು ತಪ್ಪಿದವನಿಗೆ ಮರುದಿನ ಕೆಲಸವೂ ಇರುವುದಿಲ್ಲ.

ಜೊತೆಯವರೆಲ್ಲ ವೈಫೈ ಮತ್ತು ಊಟ ಹುಡುಕಿಕೊಂಡು ಹೋದರು. ನನಗೆ ಇದ್ದದ್ದು ಒಂದೇ ಆಸೆ, ಪೋಪ್ ಫ್ರಾನ್ಸಿಸ್ ಓಡಾಡಿದ ರೈಲಿನಲ್ಲಿ ಒಮ್ಮೆ ಕುಳಿತುಕೊಳ್ಳಬೇಕು. ಅವರು 1998ರಿಂದ 2013ರವರೆಗೆ ಈ ನಗರದ ಮಹಾಧರ್ಮಾಧ್ಯಕ್ಷರಾಗಿದ್ದರು. 2001ರಲ್ಲಿ ಕಾರ್ಡಿನಲ್ ಆದರು. ಆದರೂ ಕಾರು, ಚಾಲಕ ಬೇಡವೆಂದು ಮೆಟ್ರೋ ಮತ್ತು ಬಸ್ಸಿನಲ್ಲೇ ಓಡಾಡಿದವರು. ಪೋಪ್ ಆಗಿ ಆಯ್ಕೆಯಾದ ರಾತ್ರಿಯೂ ತಮಗಾಗಿ ತಂದಿಟ್ಟಿದ್ದ ಕಾರು ಬಿಟ್ಟು, ಉಳಿದ ಕಾರ್ಡಿನಲರ ಜೊತೆ ಬಸ್ಸು ಹತ್ತಿದರು.

ನನ್ನ ಕ್ಯಾಬಿನ್ನಿನ ಫಿಲಿಪೈನ್ಸ್ ಗೆಳೆಯ ತನ್ನ ಪ್ರಯಾಣದ ಕಾರ್ಡನ್ನು ನನ್ನ ಕೈಗಿಟ್ಟ. ಅದರ ಹೆಸರು 'ಸುಬೆ'. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ 'ಹತ್ತುತ್ತಾನೆ' ಎಂಬ ಅರ್ಥವೂ ಇದೆಯಂತೆ. ಮೆಟ್ರೋ, ಬಸ್ಸು, ಲೋಕಲ್ ರೈಲು ಎಲ್ಲದಕ್ಕೂ ಅದೊಂದೇ ಕಾರ್ಡು ಸಾಕು. ಎರಡು ಗಂಟೆಯೊಳಗೆ ಒಂದರಿಂದ ಇಳಿದು ಇನ್ನೊಂದನ್ನು ಹತ್ತಿದರೆ ಎರಡನೆಯದಕ್ಕೆ ಅರ್ಧ ದರ, ಮೂರನೆಯದಕ್ಕೆ ಕಾಲು ದರ. ಒಂದೇ ಕಾರ್ಡಿನಲ್ಲಿ ಜೊತೆಗಿರುವವರ ಟಿಕೆಟನ್ನೂ ತೆಗೆಯಬಹುದು. ಖಾಲಿಯಾದರೆ ಬೀದಿ ಬದಿಯ ಗೂಡಂಗಡಿಗಳಲ್ಲಿ ದುಡ್ಡು ತುಂಬಿಸಿಕೊಳ್ಳಬೇಕು. "ಸ್ವಲ್ಪ ಬಾಕಿ ಇದೆ, ನೋಡಿಕೊಂಡು ಖರ್ಚು ಮಾಡು" ಎಂದಿದ್ದ ಗೆಳೆಯ. ನಾನು ಆ ಮಾತನ್ನು ಗಮನಿಸಲೇ ಇಲ್ಲ.

ಬಂದರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ರೆಟಿರೋ ಎಂಬ ದೊಡ್ಡ ನಿಲ್ದಾಣವಿದೆ. ಅದರ ಹಿಂದೆಯೇ ಒಂದರ ಮೇಲೊಂದು ಕಟ್ಟಿದ ಇಟ್ಟಿಗೆಯ ಪುಟ್ಟ ಮನೆಗಳ ಬಡಾವಣೆ. ಅಲ್ಲಿಯ ಬಡವರ ಜೊತೆ ದುಡಿದು, 1974ರಲ್ಲಿ ಗುಂಡಿಗೆ ಬಲಿಯಾದ ಫಾದರ್ ಕಾರ್ಲೋಸ್ ಮುಹಿಕಾ ಅವರ ಹೆಸರನ್ನೇ ಈಗ ಆ ಬಡಾವಣೆಗೆ ಇಟ್ಟಿದ್ದಾರೆ. ದೂರದಿಂದಲೇ ಶಿಲುಬೆಯ ಗುರುತು ಮಾಡಿ ಮೆಟ್ರೋ ಮೆಟ್ಟಿಲು ಇಳಿದೆ.

ಅಲ್ಲಿಯ ಮೆಟ್ರೋಗೆ 'ಸುಬ್ತೆ' ಎನ್ನುತ್ತಾರೆ. ಆರು ಮಾರ್ಗಗಳು, ಎ, ಬಿ, ಸಿ, ಡಿ, ಇ, ಎಚ್ ಎಂದು ಹೆಸರು. ಒಂದೊಂದಕ್ಕೂ ಒಂದೊಂದು ಬಣ್ಣ. ಭಾಷೆ ಬಾರದವನು ಬಣ್ಣ ಹಿಡಿದುಕೊಂಡು ಹೋಗಬಹುದು. ನಾನು ಸಿ ಮಾರ್ಗದಲ್ಲಿ ದಿಯಾಗೊನಾಲ್ ನೋರ್ತೆ ನಿಲ್ದಾಣದವರೆಗೆ ಹೋಗಿ, ಅಲ್ಲೇ ಸುರಂಗದೊಳಗೆ ನಡೆದು, ಡಿ ಮಾರ್ಗದಲ್ಲಿ ಒಂದು ನಿಲ್ದಾಣ ಮುಂದೆ ಹೋದೆ. ಆ ನಿಲ್ದಾಣದ ಹೆಸರೇ ಕತೆದ್ರಾಲ್, ಅಂದರೆ ಪ್ರಧಾನಾಲಯ. ಒಂದು ವಿಚಿತ್ರ ನೋಡಿದೆ. ರಸ್ತೆಯಲ್ಲಿ ವಾಹನಗಳು ಬಲಬದಿಯಲ್ಲಿ ಓಡಿದರೆ, ಕೆಳಗೆ ರೈಲುಗಳು ನಮ್ಮ ಹಾಗೆ ಎಡಬದಿಯಲ್ಲಿ ಓಡುತ್ತವೆ. 1945ರವರೆಗೆ ಆ ದೇಶದಲ್ಲಿ ರಸ್ತೆಯ ಮೇಲೂ ಎಡಬದಿಯೇ ಇತ್ತು. ಆಮೇಲೆ ರಸ್ತೆ ಬದಲಾಯಿತು, ರೈಲು ಬದಲಾಗಲಿಲ್ಲ. ನನ್ನ ಮಟ್ಟಿಗೆ ನೆಲದ ಕೆಳಗೆ ಎಲ್ಲ ಸರಿ, ಮೇಲೆ ಬಂದು ರಸ್ತೆ ದಾಟುವಾಗ ಜೀವ ಕೈಯಲ್ಲಿ!

ಪ್ರಧಾನಾಲಯ ಹೊರಗಿನಿಂದ ನೋಡಿದರೆ ಇಗರ್ಜಿಯ ಹಾಗೆ ಇಲ್ಲ. ಮುಂದೆ ಹನ್ನೆರಡು ದೊಡ್ಡ ಕಂಬಗಳು, ಹಳೆಯ ಗ್ರೀಕ್ ಗುಡಿಯ ಹಾಗೆ. ಅದರ ಪಕ್ಕದ ಕಟ್ಟಡದ ಒಂದು ಸಣ್ಣ ಕೋಣೆಯಲ್ಲಿ ಕಾರ್ಡಿನಲ್ ಇದ್ದರು, ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ಎದುರಿನ ಮೈದಾನದ ಅಡಿಯಿಂದಲೇ ಎ ಮಾರ್ಗ ಹೊರಡುತ್ತದೆ. ಇದು 1913ರ ಡಿಸೆಂಬರ್ 1ರಂದು ಶುರುವಾದದ್ದು, ಇಡೀ ಲ್ಯಾಟಿನ್ ಅಮೆರಿಕದಲ್ಲೇ ಮೊದಲ ಭೂಗತ ರೈಲು. ಬೆಲ್ಜಿಯಂನಿಂದ ತಂದ ಮರದ ಬೋಗಿಗಳು 2013ರ ಜನವರಿಯವರೆಗೂ, ಅಂದರೆ ಹತ್ತಿರ ಹತ್ತಿರ ನೂರು ವರ್ಷ, ಇದರಲ್ಲಿ ಓಡಿದವು. ಆ ಬೋಗಿಗಳು ನಿಂತ ಎರಡು ತಿಂಗಳಿಗೆ, ಮಾರ್ಚ್ 13ರಂದು, ನಮ್ಮ ಕಾರ್ಡಿನಲ್ ಪೋಪ್ ಆದರು.

ನನ್ನ ಎದುರಿನ ಸೀಟಿನಲ್ಲಿ ಪೈಂಟಿನ ಕಲೆಯಾದ ಬಟ್ಟೆಯಲ್ಲಿ ಒಬ್ಬ ಕೆಲಸಗಾರ ನಿದ್ದೆ ಹೋಗಿದ್ದ. ಪಕ್ಕದಲ್ಲಿ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದ ತಾಯಿ. ಕಪ್ಪು ಕೋಟಿನ ಒಬ್ಬ ಮುದುಕ ಹೀಗೆಯೇ ಇವರ ನಡುವೆ ಕುಳಿತಿರುತ್ತಿದ್ದರಲ್ಲ ಎಂದುಕೊಂಡೆ. ಕುರುಬನ ಮೈಯಿಂದ ಕುರಿಗಳ ವಾಸನೆ ಬರಬೇಕು ಎಂದು ಅವರು 2013ರಲ್ಲಿ ಗುರುಗಳಿಗೆ ಹೇಳಿದ್ದು ಎಲ್ಲಿಂದ ಬಂತು ಎಂದು ಅಲ್ಲಿ ಗೊತ್ತಾಯಿತು. ಇಂಥ ಬೋಗಿಯಲ್ಲಿ ದಿನಾ ಕುಳಿತವರಿಗೆ ಅದು ಬರೀ ಪ್ರಸಂಗದ ಮಾತಲ್ಲ.

ಸಾನ್ ಹೊಸೆ ದೆ ಫ್ಲೋರೆಸ್ ನಿಲ್ದಾಣದಲ್ಲಿ ಇಳಿದೆ. ಫ್ಲೋರೆಸ್ ಅವರು 1936ರಲ್ಲಿ ಹುಟ್ಟಿದ ಬಡಾವಣೆ. ಅಲ್ಲಿಯ ಸಂತ ಜೋಸೆಫರ ಮಹಾದೇವಾಲಯಕ್ಕೆ 1953ರ ಸೆಪ್ಟೆಂಬರ್ 21ರಂದು, ಹದಿನಾರು ವರ್ಷದ ಹುಡುಗ, ಗೆಳೆಯರನ್ನು ಸೇರಿಕೊಳ್ಳಲು ಹೊರಟವನು, ದಾರಿಯಲ್ಲಿ ಒಳಗೆ ಹೋದ. ಪಾಪನಿವೇದನೆ ಮಾಡಿದ. ಅಲ್ಲಿಯೇ ದೇವಕರೆ ಕೇಳಿಸಿತು. ನಾನೂ ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಅಮ್ಮನಿಗೆ, ನಿಮಗೆಲ್ಲ ಪ್ರಾರ್ಥಿಸಿ ಹೊರಗೆ ಬಂದೆ. ಸಭೆಯಲ್ಲಿ ನಾನು ಹೇಳಿದ ಕತೆ ಇಲ್ಲಿಗೆ ಮುಗಿದಿತ್ತು.

ಮುಂದಿನದ್ದು ಹೇಳದೆ ಉಳಿದದ್ದು.

ಗಂಟೆ ಒಂದು ಆಗಿರಲಿಲ್ಲ. ಇನ್ನೂ ಸಮಯವಿದೆ, ಬಸ್ಸಿನಲ್ಲೂ ಹೋಗಿ ನೋಡೋಣ ಎಂದುಕೊಂಡೆ. ಅಲ್ಲಿಯ ಬಸ್ಸಿಗೆ 'ಕೊಲೆಕ್ತಿವೊ' ಎನ್ನುತ್ತಾರೆ. 1928ರಲ್ಲಿ ಗಿರಾಕಿಗಳಿಲ್ಲದೆ ಸೋತ ಟ್ಯಾಕ್ಸಿಯವರು ಒಬ್ಬೊಬ್ಬರನ್ನೇ ಕಾಯುವ ಬದಲು ಒಂದೇ ದಾರಿಯಲ್ಲಿ ಹಲವರನ್ನು ಹತ್ತಿಸಿಕೊಂಡು ಹೋಗತೊಡಗಿದರು. ಅದೇ ಬೆಳೆದು ಬಸ್ಸಾಯಿತು. ನಮ್ಮ ಶೇರ್ ಆಟೋದ ಕತೆಯೇ. ನಿಲ್ದಾಣದಲ್ಲಿ ಜನ ತಾವಾಗಿಯೇ ಸಾಲು ನಿಲ್ಲುತ್ತಾರೆ, ಬಸ್ಸು ಕಂಡಾಗ ಕೈ ಅಡ್ಡ ಹಿಡಿಯುತ್ತಾರೆ. ಕಂಡಕ್ಟರ್ ಇಲ್ಲ. ಹತ್ತಿದ ಕೂಡಲೇ ಚಾಲಕನಿಗೆ ಎಲ್ಲಿಗೆ ಎಂದು ಹೇಳಬೇಕು, ಆತ ದರ ಒತ್ತುತ್ತಾನೆ, ನಾವು ಯಂತ್ರಕ್ಕೆ ಕಾರ್ಡು ಮುಟ್ಟಿಸಬೇಕು. ಒಂದೇ ನಂಬರಿನ ಬಸ್ಸಿಗೆ ಕವಲುಗಳಿರುತ್ತವೆ. ನಂಬರು ನೋಡಿದರೆ ಸಾಲದು, ಮುಂದಿನ ಗಾಜಿನ ಹಿಂದೆ ಇಟ್ಟ ಸಣ್ಣ ಬೋರ್ಡನ್ನೂ ಓದಬೇಕು.

"ಲಿನಿಯೆರ್ಸ್, ಸಾನ್ ಕಯೆತಾನೊ" ಎಂದೆ. ನಗರದ ಪಶ್ಚಿಮದ ಅಂಚಿನಲ್ಲಿ ಲಿನಿಯೆರ್ಸ್ ಬಡಾವಣೆ. ಅಲ್ಲಿ ಸಂತ ಕಯೆತಾನೊ ಪುಣ್ಯಕ್ಷೇತ್ರವಿದೆ. ಅನ್ನ ಮತ್ತು ಕೆಲಸ ಬೇಡಿಕೊಳ್ಳಲು ಜನ ಈ ಸಂತನಲ್ಲಿಗೆ ಬರುತ್ತಾರೆ, ಆಗಸ್ಟ್ 7ರ ಹಬ್ಬಕ್ಕೆ ಭಾರೀ ಸಾಲು. 1975ರಿಂದ ಪ್ರತಿವರ್ಷ ಅಕ್ಟೋಬರಿನಲ್ಲಿ ಆ ನಗರದ ಯುವಜನರು ಇಲ್ಲಿಂದಲೇ ಲುಹಾನ್ ಮಾತೆಯ ಮಹಾದೇವಾಲಯಕ್ಕೆ ಸುಮಾರು 60 ಕಿಲೋಮೀಟರ್ ನಡೆದು ಹೋಗುತ್ತಾರೆ. ನನ್ನದೂ ಕೆಲಸದ ಪ್ರಾರ್ಥನೆಯೇ ಆಗಿತ್ತು. ಹಡಗು ಬಿಟ್ಟ ಮೇಲೆ ಊರಿನಲ್ಲಿ ಒಂದು ಕೆಲಸ ಸಿಗಲಿ ಎಂದು ಬೇಡಿಕೊಂಡು, ಎರಡೂ ಮುಕ್ಕಾಲಿಗೆ ಹೊರಗೆ ಬಂದೆ.

ವಾಪಸ್ ಹೋಗಲು ಏನು ಮಾಡಬೇಕು? ಇಳಿದ ಜಾಗದ ಎದುರು ಬದಿಗೆ ಹೋಗಿ ನಿಂತರಾಯಿತು. ನಮ್ಮೂರಿನ ಲೆಕ್ಕ ಅದೇ ತಾನೇ? ನಿಂತೆ. ಐದು ನಿಮಿಷ, ಹತ್ತು ನಿಮಿಷ. ಬಸ್ಸುಗಳೆಲ್ಲ ಬರುವುದು ನಾನು ಬಂದ ದಿಕ್ಕಿನಿಂದಲೇ. ನನ್ನ ದಿಕ್ಕಿಗೆ ಹೋಗುವುದು ಒಂದೂ ಇಲ್ಲ. ಫೋನಿನಲ್ಲಿ ನೆಟ್ ಇಲ್ಲ. ಕಂಬದ ಮೇಲಿನ ಬರಹ ಓದಿದೆ, ಅಕ್ಷರ ಇಂಗ್ಲಿಷಿನದ್ದೇ, ಅರ್ಥ ಮಾತ್ರ ಒಂದೂ ಆಗಲಿಲ್ಲ. ಮೂರೂ ಕಾಲು ಆಯಿತು. ಬೆವರು ಇಳಿಯತೊಡಗಿತು. ಹಾದು ಹೋಗುತ್ತಿದ್ದ ಒಬ್ಬ ಯುವಕನನ್ನು ತಡೆದು "ರೆಟಿರೋ? ರೆಟಿರೋ?" ಎಂದೆ. ಆತ ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ, ಎತ್ತಲೋ ಒಂದು ಕಡೆ ಕೈ ತೋರಿಸಿ ನಡೆದುಬಿಟ್ಟ.

ಆ ಕೈ ನೋಡಿದ ಕೂಡಲೇ ನನಗೆ ಎದೆಗೆ ಗುದ್ದಿದ ಹಾಗಾಯಿತು. ಅದು ನನ್ನದೇ ಕೈ.

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಒಂದು ಸಂಜೆ ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರ ಜೊತೆ ನಿಂತಿದ್ದೆ, ಕೈಯಲ್ಲಿ ಫೋನು. ನಮ್ಮದೇ ವಾರ್ಡಿನ ಒಬ್ಬರು ಅಜ್ಜಿ ಹತ್ತಿರ ಬಂದು, "ಮಗಾ, ಇದು ಬದಿಯಡ್ಕಕ್ಕೆ ಹೋಗ್ತದಾ?" ಎಂದು ಕೇಳಿದರು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೆಯವರೆಗೆ. ನಮ್ಮ ಕಡೆಯ ಕೆಲವು ಬಸ್ಸುಗಳಲ್ಲಿ ಕನ್ನಡವೂ ಇರುತ್ತದೆ, ಎಷ್ಟೋ ಬಸ್ಸುಗಳಲ್ಲಿ ಮಲಯಾಳ ಮಾತ್ರ. ನನಗೆ ಮಲಯಾಳ ಓದಲು ಬರುತ್ತದೆ. ಗೆಳೆಯರ ಮುಂದೆ ಅಜ್ಜಿ ಕನ್ನಡದಲ್ಲಿ ಜೋರಾಗಿ ಕೇಳಿದ್ದೇ ನನಗೆ ಒಂಥರಾ ಆಗಿತ್ತು. ಅರ್ಧ ಕಣ್ಣಿನಲ್ಲಿ ಬೋರ್ಡು ನೋಡಿದೆ. ಮೊದಲ ಅಕ್ಷರ 'ಬ', ಕೊನೆಯಲ್ಲಿ 'ಅಡುಕ್ಕ'. "ಹೌದು" ಎಂದು ಕೈ ತೋರಿಸಿ ಫೋನಿಗೆ ತಿರುಗಿದೆ. ಬಸ್ಸು ಹೊರಟ ಮೇಲೆ ಹಿಂದಿನ ಬೋರ್ಡು ಸರಿಯಾಗಿ ಕಂಡಿತು. ಅದು ಬಂದಡ್ಕದ ಬಸ್ಸು.

ಬದಿಯಡ್ಕ ಒಂದು ದಿಕ್ಕು, ಬಂದಡ್ಕ ಇನ್ನೊಂದು ದಿಕ್ಕಿನ ಗುಡ್ಡದ ಕಡೆ. ಓಡಿದ್ದರೆ ಬಸ್ಸು ಸ್ಟ್ಯಾಂಡ್ ದಾಟುವ ಮೊದಲು ನಿಲ್ಲಿಸಬಹುದಿತ್ತು. ಓಡಲಿಲ್ಲ. "ಯಾರಾದರೂ ಹೇಳ್ತಾರೆ ಬಿಡು" ಎಂದುಕೊಂಡೆ. ಆ ರಾತ್ರಿ ಅಜ್ಜಿ ಮನೆ ಮುಟ್ಟಿದ್ದು ಒಂಬತ್ತೂವರೆಗೆ ಎಂದು ಆಮೇಲೆ ಅಮ್ಮ ಹೇಳಿದರು. "ಪಾಪ, ದಾರಿ ತಪ್ಪಿತಂತೆ" ಎಂದರು. ನಾನು ತಲೆ ಎತ್ತದೆ ಊಟ ಮಾಡಿದೆ. ಯಾವ ಪಾಪನಿವೇದನೆಯಲ್ಲೂ ಅದನ್ನು ಹೇಳಲಿಲ್ಲ, ಅದು ಪಾಪವೆಂದು ಅನಿಸಿರಲೇ ಇಲ್ಲ.

ಲಿನಿಯೆರ್ಸಿನ ಆ ಬೀದಿಯಲ್ಲಿ ಅನಿಸಿತು.

ಮೂರೂವರೆ ಹೊತ್ತಿಗೆ ಗಾಲಿಯ ಸಂತೆಚೀಲ ಎಳೆದುಕೊಂಡು ಒಬ್ಬರು ವಯಸ್ಸಾದ ಹೆಂಗಸು ಬಂದರು. ನಾನು ನಿಂತಾಗ ಅವರು ಅಂಗಡಿ ಕಡೆ ಹೋದದ್ದು ನೋಡಿದ್ದೆ. ಈಗ ವಾಪಸ್ ಬರುವಾಗಲೂ ನಾನು ಅಲ್ಲೇ ಇದ್ದೇನೆ. ಅವರು ನಿಂತು ಏನೋ ಕೇಳಿದರು. 'ಕೊಲೆಕ್ತಿವೊ' ಎಂಬುದೊಂದು ಅರ್ಥವಾಯಿತು. "ಸಿ, ಸಿ, ರೆಟಿರೋ" ಎಂದೆ. ಅವರು ತಲೆ ಅಲ್ಲಾಡಿಸಿ, ನನ್ನ ಅಂಗೈ ತೆಗೆದುಕೊಂಡು, ಅದರ ಮೇಲೆ ಬೆರಳಿನಲ್ಲಿ ಗೆರೆ ಎಳೆದರು. ಈ ಬೀದಿ ಹೀಗೆ, ಪಕ್ಕದ ಬೀದಿ ಹಾಗೆ. ಆಗ ತಿಳಿಯಿತು, ಆ ನಗರದ ಹೆಚ್ಚಿನ ಬೀದಿಗಳು ಏಕಮುಖ. ಹೋಗುವ ಬಸ್ಸು ಒಂದು ಬೀದಿಯಲ್ಲಿ, ಬರುವ ಬಸ್ಸು ಪಕ್ಕದ ಬೀದಿಯಲ್ಲಿ. ನಾನು ಬಸ್ಸು ಬರಲಾಗದ ಕಡೆ ಮುಕ್ಕಾಲು ಗಂಟೆ ಕಾದಿದ್ದೆ.

ನಾನು ಗಡಿಯಾರ ತೋರಿಸಿ, ಕೈಯಲ್ಲೇ ಹಡಗು ಮಾಡಿ, ಐದು ಬೆರಳು ಎತ್ತಿದೆ. ಅವರ ಮುಖ ಗಂಭೀರವಾಯಿತು. "ತ್ರೆನ್" ಎಂದರು. ರೈಲು. ಚೀಲ ಎಳೆಯುತ್ತಲೇ ನನ್ನ ಮೊಣಕೈ ಹಿಡಿದು ಲಿನಿಯೆರ್ಸ್ ರೈಲು ನಿಲ್ದಾಣದವರೆಗೆ ನಡೆಸಿಕೊಂಡು ಹೋದರು. ಗೇಟಿನಲ್ಲಿ ಕಾರ್ಡು ಮುಟ್ಟಿಸಿದೆ, ಕೆಂಪು ದೀಪ. ದುಡ್ಡು ಮುಗಿದಿದೆ. ನನ್ನ ಜೇಬಿನಲ್ಲಿ ಇದ್ದದ್ದು ಡಾಲರ್. ಅವರು ನನ್ನ ಕಾರ್ಡು ಕಿತ್ತುಕೊಂಡು ಪಕ್ಕದ ಗೂಡಂಗಡಿಗೆ ಹೋಗಿ, ತಮ್ಮ ಪರ್ಸಿನಿಂದಲೇ ದುಡ್ಡು ಕೊಟ್ಟು ತುಂಬಿಸಿದರು. ಅಂಗಡಿಯ ಹುಡುಗ ನನ್ನನ್ನು ನೋಡಿ "ಇಂಡಿಯಾ?" ಎಂದ. "ಕೇರಳ" ಎಂದೆ. "ಕೇರಳ! ಮೆಸ್ಸಿ!" ಎಂದು ಕೈ ಎತ್ತಿದ. ವಿಶ್ವಕಪ್ ಗೆದ್ದು ಎರಡು ತಿಂಗಳಾಗಿತ್ತಷ್ಟೇ, ಅವರ ಫುಟ್‌ಬಾಲ್ ಸಂಸ್ಥೆ ಕೇರಳದ ಹೆಸರು ಹೇಳಿ ಧನ್ಯವಾದ ಹೇಳಿತ್ತು. ನಮ್ಮೂರಿನ ಕಟೌಟುಗಳು ಕೆಲಸಕ್ಕೆ ಬಂದದ್ದು ಹಾಗೆ!

ಐದು ಡಾಲರ್ ನೋಟು ಕೊಡಲು ಹೋದೆ. ಆಕೆ ನನ್ನ ಕೈ ಮಡಚಿ ಜೇಬಿಗೆ ತಳ್ಳಿದರು. ನನ್ನ ಬೋರ್ಡಿಂಗ್ ಪಾಸಿನ ಹಿಂದೆ ದೊಡ್ಡ ಅಕ್ಷರಗಳಲ್ಲಿ ಒಂದರ ಕೆಳಗೊಂದು ಬರೆದರು: ಒನ್ಸೆ, ಎ, ಲೀಮಾ, ಸಿ, ರೆಟಿರೋ. ನಾನು ಅದನ್ನು ಓದಿ ಹೇಳುವವರೆಗೆ ಬಿಡಲಿಲ್ಲ. ರೈಲು ಬಂದಾಗ ಗೇಟಿನ ಆಚೆ ಕೈ ಬೀಸುತ್ತ ನಿಂತಿದ್ದರು.

ಚೀಟಿಯ ಪ್ರಕಾರವೇ ಹೋದೆ. ಒನ್ಸೆಯಲ್ಲಿ ಇಳಿದು ಕೆಳಗೆ ಎ ಮಾರ್ಗ, ಲೀಮಾದಲ್ಲಿ ಸಿ ಮಾರ್ಗಕ್ಕೆ ಬದಲಿ, ಕೊನೆಗೆ ರೆಟಿರೋ. ಅಲ್ಲಿಂದ ಬಂದರಿಗೆ ಓಡಿದೆ. ಹಡಗು ಹತ್ತಿದಾಗ ಐದಕ್ಕೆ ಏಳು ನಿಮಿಷ ಇತ್ತು. ಕಾರ್ಡು ವಾಪಸ್ ಕೊಟ್ಟಾಗ ಗೆಳೆಯ ಹೇಳಿದ, "ಇಷ್ಟು ದುಡ್ಡು ಯಾಕೆ ಹಾಕಿಸಿದೆ?" ಮುಂದಿನ ಸಲ ಹಡಗು ಅಲ್ಲಿಗೆ ಹೋದಾಗ ಅವನೂ ಇನ್ನಿಬ್ಬರೂ ಅದೇ ದುಡ್ಡಿನಲ್ಲಿ ಊರು ಸುತ್ತಿದರು.

ಇದನ್ನು ನಾನು ಎರಡು ವರ್ಷ ಯಾರಿಗೂ ಹೇಳಲಿಲ್ಲ. ಪೋಪ್ ಫ್ರಾನ್ಸಿಸರಿಗಾಗಿ ಬಲಿಪೂಜೆ ಅರ್ಪಿಸಿದ ದಿನ ಅಜ್ಜಿ ಮೂರನೇ ಬೆಂಚಿನಲ್ಲಿ ಕುಳಿತಿದ್ದರು. ಮುಗಿದ ಮೇಲೆ ಅವರ ಜೊತೆ ಮನೆಯವರೆಗೆ ನಡೆದು ಹೋಗಿ ಎಲ್ಲ ಹೇಳಿದೆ. "ಅಜ್ಜಿ, ಅವತ್ತು ನಿಮ್ಮನ್ನು ಬಂದಡ್ಕದ ಬಸ್ಸು ಹತ್ತಿಸಿದ್ದು ನಾನು. ಗೊತ್ತಾದ ಮೇಲೂ ಸುಮ್ಮನಿದ್ದೆ."

ಅವರು ಅಂಗಳದ ಕಲ್ಲಿನ ಮೇಲೆ ಕುಳಿತರು. "ನೀನಂತ ನಂಗೆ ಅವತ್ತೇ ಗೊತ್ತುಂಟು ಮಗಾ," ಎಂದರು. "ನಿನ್ನ ಅಮ್ಮನಿಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ನನಗೆ ಮಾತು ಹೊರಡಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳು ಎಂಟನೆಯ ಅಧ್ಯಾಯ ಈ ವಾರ ಒಮ್ಮೆ ಓದಿ. ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಫಿಲಿಪ್ಪ ದೂರದಿಂದ ಕೈ ತೋರಿಸಿ ಹೋಗುವುದಿಲ್ಲ. ರಥದ ಹತ್ತಿರಕ್ಕೆ ಓಡುತ್ತಾನೆ, ಅರ್ಥವಾಯಿತೇ ಎಂದು ಕೇಳುತ್ತಾನೆ, ಹತ್ತಿ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಆಮೇಲೆಯೇ ಸುವಾರ್ತೆ. ಸಂತೆಚೀಲದ ಆ ಹೆಂಗಸು ನನಗೆ ಮಾಡಿದ್ದು ಅದನ್ನೇ. ನಾನು ಅಜ್ಜಿಗೆ ಮಾಡದೆ ಹೋದದ್ದೂ ಅದನ್ನೇ.

ನಮ್ಮ ಘಟಕದಲ್ಲಿ ಈಗ ಒಂದು ಸಣ್ಣ ತೀರ್ಮಾನ ಮಾಡಿದ್ದೇವೆ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಬಸ್ಸು ಕೇಳಿದರೆ, ಯಾವ ಭಾಷೆಯವರೇ ಆಗಲಿ, ಫೋನು ಜೇಬಿಗೆ ಹಾಕಬೇಕು, ಬೋರ್ಡನ್ನು ಪೂರ್ತಿ ಓದಬೇಕು, ಬಸ್ಸಿನ ಬಾಗಿಲವರೆಗೆ ಹೋಗಿ ಕಂಡಕ್ಟರಿಗೆ ಹೇಳಿ ಬರಬೇಕು. ಬಂಗಾಳ, ಅಸ್ಸಾಂನಿಂದ ಬಂದ ಕೆಲಸದವರಿಗೂ ಅಷ್ಟೇ, ಅವರಿಗೆ ನಮ್ಮ ಎರಡು ಲಿಪಿಯೂ ಬಾರದು. ಜೊತೆಗೆ ನಮ್ಮ ವಾರ್ಡುಗಳ ಹಿರಿಯರಿಗೆ ಅವರವರ ಊರಿನ ಹೆಸರನ್ನು ಕನ್ನಡ, ಮಲಯಾಳ ಎರಡರಲ್ಲೂ ದೊಡ್ಡದಾಗಿ ಬರೆದ ರಟ್ಟಿನ ಚೀಟಿ ಕೊಡುತ್ತಿದ್ದೇವೆ, ಆ ಹೆಂಗಸು ನನಗೆ ಬರೆದು ಕೊಟ್ಟ ಹಾಗೆ.

ಮೊದಲ ಚೀಟಿ ಅಜ್ಜಿಗೇ ಕೊಟ್ಟೆ. ಅವರು ಅದನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡರು. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಚೀಟಿ ಎಲ್ಲಿ ಎಂದು ಕೇಳಿದೆ. "ಉಂಟು ಮಗಾ, ಪುಸ್ತಕದಲ್ಲಿ ಉಂಟು. ಆದ್ರೆ ನಾನು ಕೇಳಿಯೇ ಹತ್ತೋದು. ಕೇಳಿದ್ರೆ ಒಬ್ಬರು ಮಾತಿಗೆ ಸಿಗ್ತಾರೆ" ಎಂದರು. ಆಮೇಲೆ ನಿಂತಿದ್ದ ಬಸ್ಸಿನ ಕಡೆ ತಿರುಗಿ, ಬೇಕೆಂದೇ ಸ್ವಲ್ಪ ಜೋರಾಗಿ ಕೇಳಿದರು, "ಮಗಾ, ಇದು ಬದಿಯಡ್ಕಕ್ಕೆ ಹೋಗ್ತದಾ?"

ನಾನು ಬೋರ್ಡನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದೆ. ಹೋಗ್ತದೆ ಎಂದೆ. ಕೈ ಹಿಡಿದು ಹತ್ತಿಸಿದೆ.